ವಾರಿಜಕ್ಕನ ಚಿಪ್ಪು

ಬಂದರಿನ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ
ಬೋಟಿನ ಶಾಫ್ಟಿಗೆ ಬುಶ್ ಕೂರಿಸಿದವ ನಾನು.
ಎಣ್ಣೆ ಆರಿದ ಲೋಹದ ಕೂಗು
ಕಿವಿಗಿಂತ ಮೊದಲು ಹಲ್ಲಿಗೆ ಗೊತ್ತಾಗುತ್ತದೆ.
ಬೆಂಗ್ರೆಯ ದೋಣಿಯಿಂದ ಅಕ್ಕ
ದಕ್ಕೆಯ ಕಲ್ಲಿಗೆ ಕಾಲಿಟ್ಟಳು,
ನನ್ನ ಹಲ್ಲು ಜುಮ್ಮೆಂದಿತು.

ನಲವತ್ತು ವರ್ಷ, ಇಳಿತದ ಹೊತ್ತು ನೋಡಿ,
ಹೊಳೆಯ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು
ಮರುವಾಯಿ ಹೆಕ್ಕಿದವಳು.
ನನ್ನ ಐಟಿಐ ಫೀಸು ಅದರಲ್ಲೇ ಬಂದದ್ದು.

ಡಾಕ್ಟ್ರು ಬಯಲುಸೀಮೆಯವರು, ಸಣ್ಣ ಪ್ರಾಯ.
ಚೀಟಿಯ ಹಿಂದೆ ಚಿತ್ರ ಬಿಡಿಸಿದರು:
ಮಂಡಿಚಿಪ್ಪು ಅಂದರೆ ಒಂದು ನಮೂನೆಯ ರಾಟೆ,
ತೊಡೆಯ ಹಗ್ಗವನ್ನು ಕೀಲಿನಿಂದ ತುಸು ದೂರ ಹಿಡಿದು
ಸನ್ನೆಯನ್ನು ಉದ್ದ ಮಾಡುವಂಥದ್ದು.
ಅದಿಲ್ಲದೆಯೂ ಏಳಬಹುದು,
ತೊಡೆಗೆ ಮಾತ್ರ ಒಂದೂವರೆ ಆಳಿನ ಕೆಲಸ.

ಸಮನೆಲದಲ್ಲಿ ನಡೆದರೆ ಅದರ ಮೇಲೆ
ಮೈತೂಕದ ಅರ್ಧ.
ಮೆಟ್ಟಿಲಿಗೆ ಮೂರು ಪಟ್ಟು.
ಕುಕ್ಕರಗಾಲಿಗೆ ಏಳು.

ಅಕ್ಕ ಐವತ್ತೆಂಟು ಕಿಲೋ. ಏಳೆಂಟ್ಲಿ ಐವತ್ತಾರು...
ನಾಲ್ಕು ಕ್ವಿಂಟಾಲ್ ಚಿಲ್ಲರೆ ಅಂದೆ.
ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು:
"ಅಷ್ಟು ಹೊತ್ತಿದ್ದೇನಾ ನಾನು?
ದುಡ್ಡು ಕೊಟ್ಟದ್ದು ನೂರು ಚಿಪ್ಪಿಗೆ ಇಷ್ಟು ಅಂತ ಮಾತ್ರವಲ್ಲಾ!"

ಮೇಜಿನ ಮೇಲೆ ಮಾದರಿ ಇಟ್ಟರು.
ತೊಡೆಯೆಲುಬಿನ ತುದಿಗೆ ಹೊಳೆಹೊಳೆವ ಲೋಹದ ಹಳ್ಳ,
ಅದರಲ್ಲಿ ಜಾರುವುದಕ್ಕೆ ಬಿಳಿ ಪ್ಲಾಸ್ಟಿಕ್ಕಿನ ಗುಂಡಿ,
ಪೆಪ್ಪರ್‌ಮಿಂಟಿನ ಹಾಗೆ, ದಪ್ಪ ಎಂಟು ಮಿಲಿಮೀಟರ್.
ಉಗುರಿನಲ್ಲಿ ಗೀರಿ ನೋಡಿದೆ.
ಗ್ರೀಸ್ ಎಂಥದ್ದು? ಕೇಳಿದೆ.
"ಅವರದೇ ಮೈಯ ನೀರು."
ಸವೆಯುವುದು?
"ಪ್ಲಾಸ್ಟಿಕ್ಕು. ಲೋಹ ಅಲ್ಲ."
ಹೌದು, ನಮ್ಮಲ್ಲೂ ಹಾಗೇ, ಅಂದೆ ಜಂಬದಲ್ಲಿ,
ಶಾಫ್ಟು ಉಳಿಯಬೇಕಾದರೆ ಮೆತ್ತಗಿನ ಬುಶ್ಶೇ ಸವೆಯಬೇಕು.
ಅಕ್ಕ ನನ್ನನ್ನೇ ನೋಡಿದಳು.
ಗುಂಡಿಯನ್ನು ಕೆಳಗಿಟ್ಟೆ.

ತೊಡೆ ಎಳೆಯುವುದು ನೇರಕ್ಕಲ್ಲವಂತೆ, ತುಸು ಹೊರಗೆ.
ಹಳ್ಳದಲ್ಲೇ ಹೋಗಬೇಕಾದ ಚಿಪ್ಪು
ಓರೆಯಾದರೆ ಅಂಚು ತಿನ್ನುತ್ತದೆ, ಗುಂಡಿ ಬೇಗ ಹಾಳು.
"ಅಳಿವೆಬಾಗಿಲಲ್ಲಿ ನೀರು ದೋಣಿಯನ್ನು
ದಿಣ್ಣೆಗೆ ಎಳೆದ ಹಾಗಾ?" ಅಕ್ಕನ ಪ್ರಶ್ನೆ.
ಡಾಕ್ಟ್ರಿಗೆ ಅಳಿವೆ ತಿಳಿಯದು. ನಾನು ಬಿಡಿಸಿ ಹೇಳಿದೆ.
ಅವರು ಪೆನ್ನು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು,
"ಹೂಂ. ಚುಕ್ಕಾಣಿಯವನು ಚೆನ್ನಾಗಿರಬೇಕು" ಅಂದರು.

ಆಪರೇಷನ್ ಮುಗಿದು ಎಚ್ಚರಾದಾಗ ಮೊದಲು ಕೇಳಿದ್ದು
ಹಳೇ ಚಿಪ್ಪು ಎಲ್ಲಿ ಅಂತ.
ತೆಗೆದಿಲ್ಲಮ್ಮ, ಒಳಮೈ ಕೆತ್ತಿ ಗುಂಡಿ ಅಂಟಿಸಿದ್ದು.
"ಹಾಗಾದರೆ ಹೊರಗಿನದ್ದು ನನ್ನದೇ"
ಎಂದು ಬ್ಯಾಂಡೇಜಿನ ಮೇಲೆ ಕೈಯಿಟ್ಟು ಮಲಗಿದಳು.

ಹತ್ತುವಾಗ ಗಟ್ಟಿ ಕಾಲು ಮೊದಲು,
ಇಳಿಯುವಾಗ ಕೊಯ್ದ ಕಾಲು:
ಫಿಸಿಯೋಥೆರಪಿಯ ಹುಡುಗ ಬಾಯಿಪಾಠ ಮಾಡಿಸಿದ.
ಅವನ ಮೆಟ್ಟಿಲು ಮರದ್ದು, ಯಾವಾಗಲೂ ಆರೇ ಇಂಚು.
ದಕ್ಕೆಯದ್ದು ಹಾಗಲ್ಲ,
ಬೆಳಿಗ್ಗೆ ಒಂದು ಗೇಣು, ಮಧ್ಯಾಹ್ನ ಒಂದು ಮೊಳ.

ಈಗ ಪೇಟೆಗೆ ಬರುವುದಿದ್ದರೆ ತಿಥಿ ನೋಡುತ್ತಾಳೆ.
ಹುಣ್ಣಿಮೆಗೆ ಹನ್ನೊಂದರ ಸುಮಾರು ಭರತ,
ಆಮೇಲೆ ದಿನಕ್ಕೆ ಮುಕ್ಕಾಲು ಗಂಟೆ ತಡ.
ಆಗ ದೋಣಿಯ ಅಂಚು ಕಲ್ಲಿಗೆ ಸಮ.
ಕಾಲೆತ್ತುವುದಿಲ್ಲ, ದಾಟುತ್ತಾಳೆ.
ಅರ್ಧ ಮೈತೂಕ, ಅಷ್ಟೇ.
ಇಳಿತ ನೋಡಿ ಬದುಕಿದವಳು
ಭರತ ನೋಡಲು ಕಲಿತಳು, ಅರವತ್ತಮೂರರಲ್ಲಿ.

ನಿನ್ನೆ ಬೆಂಗ್ರೆಗೆ ಹೋಗಿದ್ದೆ.
ನೀರು ಇಳಿದಿತ್ತು.
ಸೀರೆ ಮೊಣಕಾಲಿಗೆ ಕಟ್ಟಿ, ಆ ಗೀಟು ಕಾಣುವ ಹಾಗೆ,
ಅಕ್ಕ ಕೆಸರಿನಲ್ಲಿ ನಿಂತಿದ್ದಳು.
ಕಾಲ್ಬೆರಳಲ್ಲಿ ತಡಕುತ್ತಿದ್ದಳು.
ಬಗ್ಗಲಿಲ್ಲ.
"ಪ್ರಣಮ್ಯಾ, ಇಲ್ಲೊಂದುಂಟು, ಹೆಕ್ಕು."
ಮೊಮ್ಮಗಳು ಓಡಿ ಬಂದು ಕುಕ್ಕರಿಸಿದಳು.
ಇಪ್ಪತ್ತೆರಡು ಕಿಲೋ ಇರಬಹುದು ಹುಡುಗಿ.

ಗುಣಿಸಲಿಲ್ಲ.