ಹುಟ್ಟದ ಹೊಗೆಯ ಲೆಕ್ಕ

ಮೂರು ದಿನದ ಮಟ್ಟಿಗೆ ನಾನು ದುಭಾಷಿ.
ಒಸಾಕಾದಿಂದ ಬಂದ ಹಿರಾನೊ ಅವರ ಹಿಂದೆ
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ನೋಟ್‌ಬುಕ್ಕು ಹಿಡಿದು, ಮೂಗಿಗೆ ವೇಲು ಹಿಡಿಯದೆ.

ಅದನ್ನೇ ಮೊದಲ ಸಾಕ್ಷಿಯೆಂದು ಬರೆಯಬೇಕಿತ್ತು:
ಮೂಗಿಗೆ ವೇಲು ಹಿಡಿಯದೆ.
ನಾನು ಶಾಲೆಗೆ ಹೋಗುವಾಗ ಈ ಬೀದಿ
ಟೈರು ಸುಟ್ಟು ಅಕ್ಕಿ ಅರಳಿಸುತ್ತಿತ್ತು.
ಲಾರಿ ಗುಜರಿಗೆ ಬಿದ್ದ ಮೇಲೂ ಅದರ ಗಾಲಿ
ನಮ್ಮ ಎದೆಯೊಳಗೆ ಓಡುತ್ತಿತ್ತು.

ಈಗ ಭತ್ತದ ಹೊಟ್ಟು. ಹೊಟ್ಟಿಗೊಂದು ಊದುಗಾಳಿಯ ಪೆಟ್ಟಿಗೆ,
ಪೆಟ್ಟಿಗೆಗೊಂದು ಮೀಟರು, ಮೀಟರಿಗೊಂದು ಸಿಮ್ಮು.
ಇಲ್ಲಿ ಖೈರುನ್ನಿಸಾ ಮರಳು ಕಾಯಿಸಿದರೆ
ಅಲ್ಲಿ ಸಮುದ್ರದಾಚೆ ಯಾವುದೋ ಪರದೆಯ ಮೇಲೆ
ಒಂದು ಗೆರೆ ಮೇಲೇರುತ್ತದೆ.

ಹಿರಾನೊ ಕೇಳಿದರು. ನಾನು ಕನ್ನಡಕ್ಕೆ ತಂದೆ:
"ಈ ಪೆಟ್ಟಿಗೆ ಬರದೇ ಇದ್ದಿದ್ರೆ ಏನು ಸುಡ್ತಿದ್ರಿ?"
ಆಕೆ ಜರಡಿ ನಿಲ್ಲಿಸಲಿಲ್ಲ.
"ಪೆಟ್ಟಿಗಿ ಬರದಿದ್ರ ಇವರೂ ಬರ್ತಿದ್ದಿಲ್ಲ,
ಈ ಪ್ರಶ್ನಿನೂ ಬರ್ತಿದ್ದಿಲ್ಲ. ಟೈರೇ ರೀ.
ಇನ್ನೇನು, ಗಂಧದ ಕಟ್ಟಿಗಿ ಸುಡ್ತಿದ್ವಾ?"
ನಾನು ಟೈರನ್ನಷ್ಟೇ ಅನುವಾದಿಸಿದೆ.

ಆಮೇಲೆ ವ್ಯಾಪಾರ ವಿವರಿಸಬೇಕಾಯಿತು.
ನೀವು ಬಿಡದೇ ಉಳಿಸಿದ ಹೊಗೆ ಇದೆಯಲ್ಲ,
ಅದನ್ನು ಟನ್ನಿನ ಲೆಕ್ಕದಲ್ಲಿ ಅಳೆದು
ಅವರ ದೇಶದ ಒಂದು ಉಕ್ಕಿನ ಕಾರ್ಖಾನೆ ಕೊಳ್ಳುತ್ತದೆ.
"ಕೊಂಡು?"
ಅಷ್ಟೇ ಹೊಗೆ ಅವರು ಬಿಡಬಹುದು.

ಜರಡಿ ನಿಂತಿತು.
ಬಾಣಲೆಯಲ್ಲಿ ಒಂದು ಹಿಡಿ ಅಕ್ಕಿ ಸೀದು ಕಪ್ಪಾಯಿತು.
"ಹಂಗಾರ ಹೊಗಿ ಸತ್ತಿಲ್ಲ, ಮನಿ ಬದಲು ಮಾಡೈತಿ."

ಇದನ್ನು ಪೂರ್ತಿ ಇಂಗ್ಲಿಷಿಗೆ ತಂದೆ, ಒಂದು ಪದ ಬಿಡದೆ.
ಹಿರಾನೊ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿಟ್ಟರು.
ವರ್ಷ ವರ್ಷ ಅವರಿಗೆ ಸಿಗುವ ಪಾಲು ಕುಗ್ಗುತ್ತದೆ, ಅಂದರು.
ಒಂದೇ ಟನ್ನನ್ನು ಎರಡು ಸರ್ಕಾರಗಳು
ತಂತಮ್ಮ ಖಾತೆಗೆ ಬರೆದುಕೊಳ್ಳುವಂತಿಲ್ಲ, ಅಂದರು.
"ಅದು ಗೊತ್ತೈತಿ ಬಿಡ್ರಿ. ನಮ್ಮ ಜಿಲಾನಿ
ಒಂದೇ ಚೀಲ ಇಬ್ಬರಿಗೆ ಮಾರಿ ಏಟು ತಿಂದಾನ.
ಅಳತಿ ಹೇಳ್ರಿ. ಸೇರು ಯಾರದು?"

ಆಕೆ ಸೇರು ತಂದಳು. ಮಂಡಕ್ಕಿ ತುಂಬಿದಳು, ತುದಿ ಗೋಪುರ.
ಅಂಗೈಯಿಂದ ಮೆಲ್ಲನೆ ಒತ್ತಿದಳು, ಅರ್ಧ ಸೇರು.
"ಒತ್ತಿ ಅಳದ್ರ ನಾ ಕೆಟ್ಟೆ, ಉಬ್ಬಿಸಿ ಅಳದ್ರ ನೀವು.
ಗಾಳಿ ಮಾರೋದು ನಮಗ ಹೊಸದಲ್ಲ.
ನಿಮ್ಮ ಕಡೆ ಅಂಗೈ ಯಾರದು, ಅಷ್ಟು ಹೇಳ್ರಿ."

ಮಧ್ಯಾಹ್ನ ಖಾರಮಂಡಕ್ಕಿ, ಮಿರ್ಚಿ.
ಹಿರಾನೊ ಕಣ್ಣೀರು ಒರೆಸಿಕೊಳ್ಳುತ್ತ ಹೇಳಿದರು,
ಅವರ ಅಜ್ಜಿಯ ಹಳ್ಳಿಗೂ ಒಬ್ಬ ಬರುತ್ತಿದ್ದನಂತೆ,
ಕಬ್ಬಿಣದ ಉರುಳೆಯಲ್ಲಿ ಅಕ್ಕಿ ಹಾಕಿ
ಢಮಾರ್ ಎನ್ನಿಸಿ ಅರಳಿಸುವವನು.
ಮಕ್ಕಳು ಕಿವಿ ಮುಚ್ಚಿಕೊಂಡೇ ಓಡಿಬರುತ್ತಿದ್ದರಂತೆ.
ಈ ಮಾತಿಗೆ ಮಾತ್ರ ನನ್ನ ಅಗತ್ಯವೇ ಬೀಳಲಿಲ್ಲ:
ಅವರು ಕಿವಿ ಮುಚ್ಚಿ ತೋರಿಸಿದರು, ಆಕೆ ನಕ್ಕಳು.

ಹೊರಡುವಾಗ ಎದುರು ಮನೆಯ ತಂತಿಯ ಮೇಲೆ
ಬಿಳಿ ಸಮವಸ್ತ್ರದ ಅಂಗಿ, ಎರಡು, ಒದ್ದೆ.
ನಾನು ನಿಂತೆ. ಈ ಬೀದಿಯಲ್ಲಿ ಬಿಳಿಯನ್ನು
ಯಾರೂ ಹೊರಗೆ ಒಣಹಾಕುತ್ತಿರಲಿಲ್ಲ.
ಫಾರಂ ತಿರುವಿದೆವು, ನಲವತ್ತೊಂದು ಪುಟ.
ಹೊಟ್ಟಿನ ತೇವಕ್ಕೆ ಅಂಕಣವಿದೆ, ಬೂದಿಗಿದೆ,
ಅಂಗಿಗಿಲ್ಲ.
ಹಿರಾನೊ ಫೋಟೊ ತೆಗೆದರು, ಎಲ್ಲಿ ಅಂಟಿಸುವರೋ ತಿಳಿಯದು.

ಹಣ ಇನ್ನೂ ಬಂದಿಲ್ಲ. ಕಡತ ಯಾವ ಊರಿನಲ್ಲಿದೆಯೋ.
ನಿನ್ನೆ ರಾತ್ರಿ ಖೈರುನ್ನಿಸಾ ಫೋನ್ ಮಾಡಿದ್ದಳು,
ಹಿಂದೆ ಚೀಲ ಹೊಲಿಯುವ ಸದ್ದು.
"ಅವರನ್ನ ಒಂದು ಮಾತು ಕೇಳವ್ವಾ.
ನಾವು ಕೊಟ್ಟ ಆ ಹುಟ್ಟದ ಹೊಗಿ,
ಅದನ್ನ ಯಾವ ಗೋಡೌನಿನಾಗ ಇಟ್ಟಾರ?
ಮಳಿಗಾಲದಾಗ ಮೆತ್ತಗ ಆಗಂಗಿಲ್ಲೇನು?"

ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೇನೆ.
ಮೆತ್ತಗೆ ಎಂಬಲ್ಲಿಗೆ ಬಂದು ನಿಂತಿದೆ.