ಸಮತಟ್ಟು

ಈ ಊರಲ್ಲಿ ಸಮತಟ್ಟು ಸಿಗುವುದು ಕಷ್ಟ.
ಬಿಕರ್ನಕಟ್ಟೆಯ ನಮ್ಮ ಅಂಗಳದಲ್ಲಿಟ್ಟ ಗೋಲಿ
ಗೇಟು ದಾಟಿ ರಸ್ತೆಗೇ ಹೋಗುತ್ತದೆ.
ಹಾಗಾಗಿ ಗ್ರೆಟ್ಟಾ ಬಾಯಿಯ ಸಿಮೆಂಟಂಗಳ ಕೇಳಿದೆ;
ಹಪ್ಪಳದ ಚಾಪೆ ಸರಿಸಿ ಜಾಗ ಕೊಟ್ಟರು.

ಎಳವೆಯಿಂದಲೂ ಸುಮ್ಮನಿರುವ ನನ್ನ ಎಡಗಾಲನ್ನು
ಕ್ಲಚ್ಚಿಲ್ಲದ ಈ ಹಳೇ ಕಾರು ಏನೂ ಕೇಳುವುದಿಲ್ಲ.

ಸುರತ್ಕಲ್ ತನಕ ಹೋಗಿ ಬಂದು ಮೈ ಬಿಸಿಯಾಗಿದೆ.
ಹ್ಯಾಂಡ್‌ಬ್ರೇಕ್ ಎಳೆದೆ. ಚಕ್ರಕ್ಕೆ ಕೆಂಪುಕಲ್ಲಿನ ತುಂಡು ಕೊಟ್ಟರು ಬಾಯಿ.
ಬ್ರೇಕ್ ತುಳಿದುಕೊಂಡೇ ಗೇರು
ಹಿಂದಕ್ಕೆ, ಮುಂದಕ್ಕೆ, ತಿರುಗಿ ಪಾರ್ಕಿಗೆ.
ಎಂಜಿನ್ ಓಡುತ್ತಲೇ ಇರಲಿ.
ಶಾಲು ತೆಗೆದು ಸೀಟಿನ ಮೇಲಿಟ್ಟೆ:
ಫ್ಯಾನಿಗೆ ಯಾರ ಪರಿಚಯವೂ ಇಲ್ಲ.

ಕಡ್ಡಿ ಎಳೆದು, ಒರೆಸಿ,
ಪೂರ್ತಿ ಇಳಿಸಿ, ಮತ್ತೆ ಎಳೆದೆ.
“ಪುನರ್ಪುಳಿ ಶರಬತ್ತೇ!” ಕನ್ನಡಕ ಏರಿಸಿದರು ಬಾಯಿ.
ಬಣ್ಣ ಹೌದು. ಮೂಸಿದೆ, ಸೀದ ವಾಸನೆಯಿಲ್ಲ.
ಮಟ್ಟ ಮಾತ್ರ ಕೆಳಗಿನ ಗೆರೆಗಿಂತ
ಒಂದು ಅಕ್ಕಿಕಾಳಿನಷ್ಟು ಕೆಳಗೆ.

ಎಲ್ಲೋ ಸೋರುತ್ತಿದೆ.
ಎಂಜಿನ್ ನಿಲ್ಲಿಸಿ, ಊರುಗೋಲಿನ ತುದಿಯಿಂದ
ಕಾರಿನಡಿಗೆ ನಿನ್ನೆಯ ಪೇಪರು ತಳ್ಳಿದೆ.
“ಇಲ್ಲೇ ಇರಲಿ,” ಅಂದರು ಬಾಯಿ,
“ಕಲೆ ಎಲ್ಲಿ ಬಿತ್ತೆಂದು ಬೆಳಿಗ್ಗೆ ನೋಡುವಾ.
ಹಪ್ಪಳಕ್ಕೆ ಟೆರೇಸುಂಟು.”