ಕೈಗಳ ಲೆಕ್ಕ

ಮಡಿಕೇರಿ ಕ್ಲಬ್ಬಿನ ಜಗಲಿಯಾಚೆ ನಿಂತು
ಕಿಟಕಿಯಲ್ಲಿ ಕಂಡಿದ್ದರಂತೆ ಪಳಂಗಪ್ಪನವರು
ಕೆಂಪು ಕೆನ್ನೆಯ ದೊರೆಯೊಬ್ಬನ ಆಳೆತ್ತರದ ಪಟ.
'ಅಂಥದ್ದೇ ಬೇಕು. ಆದರೆ ನಾನು.'
ನಲವತ್ತು ರೂಪಾಯಿ, ಊಟ; ಎಣ್ಣೆಯ ಖರ್ಚು ಬೇರೆ.

ಮೈಸೂರಿಂದ ಗಾಡಿಯಲ್ಲಿ ಸಿದ್ದಾಪುರಕ್ಕೆ ಬಂದೆ,
ಕಾಫಿ ಹಣ್ಣಿನ ಕಾಲ.
ಮೂರು ಬೆಳಗು ಮುಖ ಕೊಟ್ಟರು:
ಮೊದಲ ದಿನ ಮೀಸೆ, ಮರುದಿನ ಕಣ್ಣು,
ಮೂರನೆಯ ದಿನ ಪಲ್ಪರಿನ ಸದ್ದು ನಿಂತಿತೆಂದು
ಅರ್ಧ ಗಲ್ಲಕ್ಕೇ ಎದ್ದು ಹೋದರು.
'ಕೈ ತಾನೆ? ಯಾರದಾದರೂ ಬರಿ.
ಕೈಗೇನು ಹೆಸರಿದೆಯೆ?'

ಬೆರ್ಚಪ್ಪನಿಗೆ ತೊಡಿಸಿದಂತೆ ಕಪ್ಪು ಕುಪ್ಯವನ್ನು
ಬಿದಿರ ಗಳುವಿಗೆ ತೊಡಿಸಿ ಕೆಂಪು ಚೇಲೆ ಬಿಗಿದೆ.
ಮೇಸ್ತ್ರಿ ಕಳಿಸಿದ್ದು ಚಾತನನ್ನು,
ಲೈನ್ ಮನೆಯ ಪಣಿಯೆರವ.
ಅವನು ಕುಪ್ಯ ಮುಟ್ಟುವಂತಿಲ್ಲ,
ಪೀಚೆಕತ್ತಿಯ ಮಾತಂತೂ ಬೇಡ.
ಗಳುವಿನ ಪಕ್ಕ ನಿಂತು
ಕಾಫಿ ಗಿಡದ ಒಣಕಡ್ಡಿಯೊಂದನ್ನು
ಕತ್ತಿಯ ಹಿಡಿಯೆಂದುಕೊಂಡು ಹಿಡಿದ.

ಎಂಥ ಹಿಡಿತ!
ಬಹಳ ಕೈ ಬರೆದವನು ನಾನು, ಶೆಟ್ಟರದು, ವಕೀಲರದು,
ಅಮಲ್ದಾರರ ಭಾವಮೈದುನನದು,
ಎಲ್ಲ ಹಿಟ್ಟಿನ ಕೈ, ನಾದಿದಷ್ಟೇ ಆಕಾರ.
ಇದರ ಗೆಣ್ಣು ಗೆಣ್ಣಿಗೂ ಒಂದೊಂದು ಬೇರು.
ಬೆರಳ ಸಂದಿಯಲ್ಲಿ ಹಣ್ಣಿನ ಕಲೆ,
ಕಿರುಬೆರಳಿಗೆ ಉಗುರಿಲ್ಲ.
ಕಂದು ಬಣ್ಣದ ಟ್ಯೂಬು ಅಷ್ಟೂ ಮುಗಿಯಿತು.

ಪಳಂಗಪ್ಪನವರು ಮೀಸೆಗೆ ತಕರಾರು ತೆಗೆದರು.
ಕೈ ಮಾತ್ರ, 'ಅಪ್ಪನದೇ,' ಎಂದರು ಗಂಟಲು ಕಟ್ಟಿ,
'ಕಾಡು ಕಡಿದ ಕೈ.'
ಒಳಬಾಗಿಲಲ್ಲಿ ಮುದ್ದವ್ವ ಬಹಳ ಹೊತ್ತು ನಿಂತಿದ್ದು
ಹೋಗುವಾಗ ಮೆಲ್ಲಗೆ,
'ಆ ಕಿರುಬೆರಳಿಗೊಂದು ಉಗುರು ಇಟ್ಟುಬಿಡಿ.'
ಇಟ್ಟೆ. ಎರಡಾಣೆ ಕೇಳಬಹುದಿತ್ತು.

ಕಡ್ಡಿಯ ಮೇಲೆ ಕತ್ತಿ ಬರೆದೆ, ಬೆಳ್ಳಿ ಹಿಡಿ, ಸರಪಳಿ.
ಕಡ್ಡಿ ಒಳಗೇ ಇದೆ.

ನಿಂತದ್ದು ಕೆಲಸವಲ್ಲವೆಂದು ಮೇಸ್ತ್ರಿ
ಚಾತನ ನಾಲ್ಕು ದಿನ ಪುಸ್ತಕಕ್ಕೆ ಹತ್ತಿಸಲಿಲ್ಲ.
ನನ್ನ ಜೇಬಿಗೆ ಕೈ ಹಾಕಿದೆ.
ಕೊಟ್ಟೆನೆಂದು ಬರೆದರೆ ಚೆನ್ನಾಗಿರುತ್ತಿತ್ತು.

ಕಟ್ಟು ಹಾಕಿಸಲು ವಿರಾಜಪೇಟೆಗೆ ಹೊರಟ ದಿನ
ಬಣ್ಣಕ್ಕೆ ತಾಗದಂತೆ ದಬ್ಬೆ ಕಟ್ಟಿ, ಕಂಬಳಿ ಹೊದಿಸಿ
ಪಟವನ್ನು ಗಾಡಿಗೆ ಏರಿಸಿದೆವು,
ಒಂದು ತುದಿಗೆ ನಾನು, ಇನ್ನೊಂದಕ್ಕೆ ಚಾತ.
ಅವನಿಗೆ ಯಾರೂ ತೋರಿಸಿರಲಿಲ್ಲ.
'ಭಾರ ಇದೆ ಅಯ್ಯಾ,' ಎಂದ.
ನಿಧಾನ, ಎಂದೆ,
ಕೈ ಇನ್ನೂ ಒಣಗಿಲ್ಲ.